ಐದು ಮನೆಯ ಬ್ಯೂಗಲ್, ಆರೂವರೆ ಮನೆಯ ಟ್ರಂಪೆಟ್

ಸಂಗೀತಾಸಕ್ತ ಮಿತ್ರರೇ,

ಮೈದಾನದಲ್ಲಿ ಹೆಜ್ಜೆ ಹಾಕುತ್ತ ಊದುವ, ಡ್ರಮ್ ಬಾರಿಸುವ ಅಮೆರಿಕದ ಡ್ರಮ್ ಕೋರ್ ತಂಡಗಳಲ್ಲಿ ಕ್ಲಾರಿನೆಟ್, ಸ್ಯಾಕ್ಸೊಫೋನ್, ಕೊಳಲುಗಳಿಗೆ ಜಾಗವಿಲ್ಲ. ಊದುವವರೆಲ್ಲ ಹಿತ್ತಾಳೆ ವಾದ್ಯದವರೇ. ಆ ಸಾಲಿಗೆ ಹಾರ್ನ್‌ಲೈನ್ ಎನ್ನುತ್ತಾರೆ. ದೊಡ್ಡ ತಂಡವಾದರೆ 70–80 ಮಂದಿ. ಈ ಸಾಲಿನ ವಾದ್ಯಗಳು ಯಾವ ಶ್ರುತಿಯವು, ಅದು ಬದಲಾದಾಗ ಏನೇನು ಅದಲುಬದಲಾಯಿತು ಎಂಬುದು ಇವತ್ತಿನ ವಿಷಯ.

ಈ ತಂಡಗಳು ಬಹುಕಾಲ ಬಳಸಿದ್ದು ಸೈನ್ಯದ ಬ್ಯೂಗಲ್‌ನ ವಂಶದ ಜಿ ವಾದ್ಯಗಳನ್ನು. ಅಂದರೆ ಜಿ ಸ್ವರವೇ ಅವುಗಳ ಷಡ್ಜ, ನಮ್ಮ ಶ್ರುತಿ ಲೆಕ್ಕದಲ್ಲಿ ಐದು ಮನೆ. ಸೊಪ್ರಾನೊ (ಈಗಿನ ಟ್ರಂಪೆಟ್‌ನ ಜಾಗದ್ದು), ಮೆಲೊಫೋನ್, ಬ್ಯಾರಿಟೋನ್, ಕಾಂಟ್ರಾಬಾಸ್ ಎಲ್ಲಕ್ಕೂ ಒಂದೇ ಆಧಾರ ಷಡ್ಜ. ಮೊದಲೆರಡು ಒಂದೇ ಸ್ಥಾಯಿಯವು, ಉಳಿದವು ಕೆಳಗಿನ ಸ್ಥಾಯಿಯವು. ವಾಲ್ವ್ (ಒತ್ತಿದರೆ ಕೊಳವೆಯ ಉದ್ದ ಹೆಚ್ಚಿಸಿ ಸ್ವರ ಇಳಿಸುವ ಗುಂಡಿ) ಇಲ್ಲದ ಬ್ಯೂಗಲ್‌ನಲ್ಲಿ ತುಟಿಯ ಬಿಗಿಯಿಂದಲೇ ಸ್ವರ ಹುಟ್ಟಬೇಕು. ಇದೇ ಸಹಜ ಸರಣಿ. ತೀರ ತಳದ ಮೊದಲ ಸ ಬಿಟ್ಟರೆ, ಎರಡನೆಯದರಿಂದ ಹೀಗೆ: ಸ, ಪ, ಮೇಲಿನ ಸ, ಅಂತರ ಗಾಂಧಾರ, ಪ, ಆಮೇಲೆ ಇಳಿದ ನಿಷಾದ, ಮತ್ತೆ ಸ. ಸರಣಿ ಮೇಲೇರಿದಂತೆ ಸ್ವರಗಳು ಒತ್ತೊತ್ತಾಗುತ್ತವೆ. ಕೆಳಗೆ ದೊಡ್ಡ ಕಂದಕಗಳು.

ಆ ಕಂದಕ ತುಂಬಲೆಂದೇ ವಾಲ್ವ್ ಬಂದದ್ದು. 1970ರ ದಶಕದ ಕೊನೆಗೆ ಬಳಕೆಗೆ ಬಂದ ಎರಡು ವಾಲ್ವ್‌ನ ಬ್ಯೂಗಲ್‌ನಲ್ಲಿ ಒಂದು ವಾಲ್ವ್ ಪೂರ್ಣಸ್ವರ ಇಳಿಸಿದರೆ ಇನ್ನೊಂದು ಅರ್ಧಸ್ವರ ಇಳಿಸುತ್ತದೆ. ಎರಡೂ ಸೇರಿ ಮೂರು ಅರ್ಧಸ್ವರ. ಪಂಚಮದಿಂದ ಮೂರು ಮೆಟ್ಟಿಲು ಇಳಿದರೆ ಅಂತರ ಗಾಂಧಾರ, ಅಲ್ಲಿಗೆ ನಿಂತಿತು. ಅದರ ಕೆಳಗಿನ ಸಾಧಾರಣ ಗಾಂಧಾರ, ಎರಡೂ ರಿಷಭಗಳು ಸಿಗುವುದಿಲ್ಲ. ಮೇಲಿನ ಷಡ್ಜದಿಂದ ಮೂರು ಇಳಿದರೆ ಚತುಶ್ರುತಿ ಧೈವತ. ಶುದ್ಧ ಧೈವತ ಇಲ್ಲ. ಅಂದರೆ ಆ ಸ್ಥಾಯಿಯಲ್ಲಿ ಮಾಯಾಮಾಳವಗೌಳದ ಸರಳೆ ವರಸೆಯನ್ನೂ ನುಡಿಸಲಾಗದು. ಆಗ ಬರೆಯುತ್ತಿದ್ದ ಸಂಯೋಜಕರು ಈ ನಾಲ್ಕು ಸ್ವರಗಳನ್ನು ತಪ್ಪಿಸಿ ಬರೆಯಬೇಕಿತ್ತು, ಇಲ್ಲವೇ ಬೇರೆ ಸ್ಥಾಯಿಯ ವಾದ್ಯಕ್ಕೆ ಕೊಡಬೇಕಿತ್ತು. 1990ರಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸ್ಪರ್ಧೆಗಳಲ್ಲಿ ಮೂರನೇ ವಾಲ್ವ್‌ಗೆ ಒಪ್ಪಿಗೆ ಸಿಕ್ಕಿ ಹನ್ನೆರಡೂ ಸ್ವರಸ್ಥಾನ ಕೈಗೆ ಬಂದವು. 2000ದಿಂದ ಯಾವ ಶ್ರುತಿಯ ವಾದ್ಯವನ್ನಾದರೂ ತರಬಹುದು ಎಂದಾಯಿತು.

ಈಗಿನ ಸಾಲಿನಲ್ಲಿ ಟ್ರಂಪೆಟ್, ಬ್ಯಾರಿಟೋನ್, ಯುಫೋನಿಯಂ, ಕಾಂಟ್ರಾ ಎಲ್ಲ ಬಿ ಫ್ಲ್ಯಾಟ್, ಅಂದರೆ ಆರೂವರೆ ಮನೆ. ಮೆಲೊಫೋನ್ ಮಾತ್ರ ಎಫ್, ನಾಲ್ಕು ಮನೆ. ಶಾಲಾ ಬ್ಯಾಂಡ್‌ಗಳಲ್ಲಿ ಮಕ್ಕಳು ಊದುವುದೂ ಇವನ್ನೇ. ಹಾಗಾಗಿ ವಾದ್ಯ ಕೊಳ್ಳುವುದು, ಹಳತಾದಾಗ ಮಾರುವುದು, ಬಿಡಿಭಾಗ ಹುಡುಕುವುದು ಎಲ್ಲ ಸಲೀಸಾಯಿತು. ಬದಲಾವಣೆಗೆ ಇದು ಗಟ್ಟಿ ಕಾರಣ, ಒಳ್ಳೆಯ ಕಾರಣವೂ ಹೌದು. ಆದರೆ ಇದರ ಬೆಲೆಯನ್ನು ಶ್ರುತಿಶುದ್ಧತೆಯಲ್ಲಿ ತೆರಬೇಕಾಯಿತು. ಇದರ ಬಗ್ಗೆ ಮಾತು ಕಡಿಮೆ.

ಮೊದಲು ಉದ್ದ ನೋಡಿ. ಬಿ ಫ್ಲ್ಯಾಟ್ ಟ್ರಂಪೆಟ್‌ನ ಕೊಳವೆ ಸುಮಾರು 1.48 ಮೀಟರ್, ಜಿ ಸೊಪ್ರಾನೊದ್ದು ಸುಮಾರು 1.75. ಸೊಪ್ರಾನೊ ಮೂರು ಅರ್ಧಸ್ವರ ಮೇಲಕ್ಕೆ ಹೋಯಿತು, ಮೆಲೊಫೋನ್ ಎರಡು ಅರ್ಧಸ್ವರ ಕೆಳಕ್ಕೆ ಬಂತು. ಹಿಂದೆ ಒಂದೇ ಷಡ್ಜದಲ್ಲಿದ್ದ ಈ ಎರಡರ ನಡುವೆ ಈಗ ಐದು ಅರ್ಧಸ್ವರದ ಅಂತರ. ಕಾಂಟ್ರಾ ಕೂಡ ಮೇಲೇರಿದ್ದರಿಂದ ಮೂರು ವಾಲ್ವ್‌ನ ವಾದ್ಯದಲ್ಲಿ ತಳದ ಮೂರು ಸ್ವರ ಕಳೆದುಹೋದವು. ನಾಲ್ಕನೇ ವಾಲ್ವ್ ಇದ್ದರೆ ಅವು ವಾಪಸು ಸಿಗುತ್ತವೆ.

ಇನ್ನು ದೋಷಗಳ ಲೆಕ್ಕ. ಒಂದು ಅರ್ಧಸ್ವರಕ್ಕೆ 100 ಸೆಂಟ್. ಸಹಜ ಸರಣಿಯ ಐದನೇ ಸ್ವರ, ಅಂದರೆ ಗಾಂಧಾರ, ಹಾರ್ಮೋನಿಯಂಗಿಂತ 14 ಸೆಂಟ್ ಕೆಳಗಿರುತ್ತದೆ. ವಾಲ್ವ್‌ಗಳ ತೊಂದರೆ ಇದಕ್ಕೆ ತದ್ವಿರುದ್ಧ. ಪ್ರತಿ ವಾಲ್ವ್‌ನ ಹೆಚ್ಚುವರಿ ಕೊಳವೆಯನ್ನು ಅದೊಂದನ್ನೇ ಒತ್ತಿದಾಗ ಸರಿಹೋಗುವಂತೆ ಅಳೆದಿದ್ದರೆ, ಎರಡನ್ನು ಒಟ್ಟಿಗೆ ಒತ್ತಿದಾಗ ಉದ್ದ ಸಾಲದೆ ಸ್ವರ ಏರುತ್ತದೆ. 1 ಮತ್ತು 2 ಒತ್ತಿದರೆ ಸುಮಾರು 11 ಸೆಂಟ್, 1 ಮತ್ತು 3 ಒತ್ತಿದರೆ 30, ಮೂರನ್ನೂ ಒತ್ತಿದರೆ 54. ಅದಕ್ಕೇ ಮೂರನೇ ವಾಲ್ವ್‌ನ ಸ್ಲೈಡನ್ನು (ಜಾರಿಸಿ ಉದ್ದ ಹೊಂದಿಸುವ ಕೊಳವೆಯ ತುಂಡು) ಬೆರಳಿನಿಂದ ಹೊರಕ್ಕೆ ತಳ್ಳಬೇಕಾಗುವುದು.

ಎಲ್ಲರೂ ಜಿ ವಾದ್ಯ ಹಿಡಿದಿದ್ದಾಗ ಬರೆದ ಸ್ವರ ಒಂದೇ, ಬೆರಳು ಒಂದೇ, ತಪ್ಪು ಬೀಳುವ ಜಾಗವೂ ಬಹುಮಟ್ಟಿಗೆ ಒಂದೇ. ಇಡೀ ಸಾಲು ಒಟ್ಟಿಗೆ ಇಳಿಯುತ್ತಿತ್ತು, ಒಟ್ಟಿಗೆ ಏರುತ್ತಿತ್ತು. ಕಿವಿಗೆ ಅದು ಜಗಳವಾಗಿ ಕೇಳುತ್ತಿರಲಿಲ್ಲ. ಬಿ ಫ್ಲ್ಯಾಟ್, ಎಫ್ ಕೂಡಿದ ಸಾಲಿನಲ್ಲಿ ಹಾಗಲ್ಲ. ಪಿಯಾನೊದ ನಡುವಿನ ಸಿ ಆದಮೇಲೆ ಬರುವ ಎರಡನೇ ಡಿ ಸ್ವರವನ್ನು, 587 ಹರ್ಟ್ಸ್, ಟ್ರಂಪೆಟ್ ಮತ್ತು ಮೆಲೊಫೋನ್ ಒಟ್ಟಿಗೆ ಊದಲಿ. ಟ್ರಂಪೆಟ್‌ನಲ್ಲಿ ಅದು ವಾಲ್ವ್ ಒತ್ತದ ಐದನೇ ಸ್ವರ, 14 ಸೆಂಟ್ ಕೆಳಗೆ. ಮೆಲೊಫೋನ್‌ನಲ್ಲಿ 1 ಮತ್ತು 2 ಒತ್ತಬೇಕು, 11 ಸೆಂಟ್ ಮೇಲೆ. ತುಟಿಯಿಂದ ಯಾರೂ ತಿದ್ದದಿದ್ದರೆ ಅಂತರ 25 ಸೆಂಟ್. ಸೆಕೆಂಡಿಗೆ ಎಂಟು ಚಿಲ್ಲರೆ ಬಾರಿ ನಾದ ಅದುರುತ್ತದೆ. ಇಬ್ಬರೂ ತಮ್ಮ ವಾದ್ಯದ ಮಟ್ಟಿಗೆ ಸರಿಯಾಗಿಯೇ ಊದಿರುತ್ತಾರೆ.

ಶ್ರುತಿ ಹೊಂದಿಸುವಾಗಲೂ ಇದೇ ಎಚ್ಚರ ಬೇಕು. ಎಲ್ಲರಿಗೂ ಬಿ ಫ್ಲ್ಯಾಟ್ ಸ್ವರ ಕೊಟ್ಟರೆ ಟ್ರಂಪೆಟ್‌ನವರು ವಾಲ್ವ್ ಒತ್ತದೆ ಊದುತ್ತಾರೆ, ಮೆಲೊಫೋನ್‌ನವರು ಮೊದಲ ವಾಲ್ವ್ ಒತ್ತುತ್ತಾರೆ. ಆ ವಾಲ್ವ್‌ನ ಸ್ಲೈಡಿನಲ್ಲಿ ಕೊರತೆಯಿದ್ದರೆ ಅದನ್ನು ಮುಖ್ಯ ಸ್ಲೈಡಿನಿಂದ ಸರಿದೂಗಿಸಿ ಉಳಿದೆಲ್ಲ ಸ್ವರ ಕೆಡಿಸಿಕೊಳ್ಳುತ್ತಾರೆ. ಎಫ್ ಸ್ವರ ಕೊಡಿ: ಅದು ಎರಡೂ ಬಗೆಯ ವಾದ್ಯದಲ್ಲಿ ವಾಲ್ವ್ ಒತ್ತದೆ ಬರುತ್ತದೆ. ಮುಖ್ಯ ಸ್ಲೈಡ್ ಅಲ್ಲಿ ನಿಲ್ಲಲಿ. ಒಂದೊಂದು ವಾಲ್ವ್‌ನ ಸ್ಲೈಡನ್ನು ಆಮೇಲೆ ನೋಡಿ.

ಹಾಳೆಯಲ್ಲಿ ಸಿ ಎಂದು ಬರೆದದ್ದು ಆಯಾ ವಾದ್ಯದ ಷಡ್ಜವಾಗಿ ಕೇಳುತ್ತದೆ. ಹಾಗಾಗಿ ಹಳೆಯ ಜಿ ಸಾಲಿನ ಬರಹವನ್ನು ಅದೇ ಎತ್ತರದಲ್ಲಿ ನುಡಿಸಬೇಕಿದ್ದರೆ ಬಿ ಫ್ಲ್ಯಾಟ್‌ನವರಿಗೆ ಮೂರು ಅರ್ಧಸ್ವರ ಕೆಳಗೆ, ಮೆಲೊಫೋನ್‌ಗೆ ಎರಡು ಅರ್ಧಸ್ವರ ಮೇಲೆ ಬರೆಯಬೇಕು. ಹಳೆಯ ಸಿ ಮೇಜರ್ ಟ್ರಂಪೆಟ್‌ಗೆ ಮೂರು ಶಾರ್ಪ್‌ನ ಎ ಮೇಜರ್ ಆಗುತ್ತದೆ, ಮೆಲೊಫೋನ್‌ಗೆ ಎರಡು ಶಾರ್ಪ್‌ನ ಡಿ ಮೇಜರ್. ಬಿ ಫ್ಲ್ಯಾಟ್ ಹಾಳೆಗಳನ್ನು ಹಾಗೇ ಬಿಟ್ಟು ಎಲ್ಲವನ್ನೂ ಏರಿಸುವುದು ಸುಲಭದ ದಾರಿ ಅನ್ನಿಸಬಹುದು. ಆಗ ಮೆಲೊಫೋನ್‌ನವರ ಬರಹ ಐದು ಅರ್ಧಸ್ವರ ಮೇಲೇರಿ ತುಟಿ ಸೋಲುತ್ತದೆ.

ಸಂಯೋಜಕರಿಗೆ ಒಂದು ಮಾತು. ಮೇಳದ ಸ್ವರಗುಚ್ಛದಲ್ಲಿ ಅಂತರ ಗಾಂಧಾರ ಇಂಪಾಗಿ ಕೂರಬೇಕಾದರೆ ಅದು ಹಾರ್ಮೋನಿಯಂಗಿಂತ 14 ಸೆಂಟ್ ಕೆಳಗೇ ಇರಬೇಕು. ಸಹಜ ಸರಣಿಯ ಐದನೇ ಸ್ವರ ಇರುವುದೂ ಅಲ್ಲೇ. ಹಾಗಾಗಿ ಬಿ ಫ್ಲ್ಯಾಟ್ ಗುಚ್ಛದಲ್ಲಿ ಮೇಲಿನ ಡಿ ಟ್ರಂಪೆಟ್‌ಗೆ, ಎಫ್ ಗುಚ್ಛದಲ್ಲಿ 440 ಹರ್ಟ್ಸ್‌ನ ಎ ಮೆಲೊಫೋನ್‌ಗೆ ಕೊಡಿ. ಎರಡೂ ವಾಲ್ವ್ ಒತ್ತದೆ ಬರುವ ಸ್ವರಗಳು. ಊದುವವರು ಅವನ್ನು ಟ್ಯೂನರ್ ನೋಡಿ ಮೇಲೆತ್ತದಂತೆ ಮೊದಲೇ ಹೇಳಿಡಿ.