ಗಂಡ 72 ಅಂತಾರೆ, ಹೆಂಡತಿ 65 ಅಂತಾರೆ: ಮನೆಗೆ ಎಷ್ಟು ಕೇಳಬೇಕು?

[ಪರದೆ ಮೇಲೆ ಎರಡು ಅಂಕಿ: 72 ಲಕ್ಷ, 65 ಲಕ್ಷ]

ನಮಸ್ಕಾರ. ದಾವಣಗೆರೆಯಲ್ಲಿ ಒಂದು ಮನೆ ಮಾರಾಟಕ್ಕಿದೆ ಅಂತ ಇಟ್ಟುಕೊಳ್ಳಿ. ವಿದ್ಯಾನಗರದ ಕಡೆ, 30-40 ಸೈಟು, ಪೂರ್ವಕ್ಕೆ ಬಾಗಿಲು, ಕಟ್ಟಿ 12 ವರ್ಷ ಆಗಿದೆ. ಮಾರುವವರು ಹೇಳುತ್ತಿರುವ ಬೆಲೆ 78 ಲಕ್ಷ. ಗಂಡ ಹೆಂಡತಿ ಹೋಗಿ ನೋಡಿದರು. ಇಬ್ಬರಿಗೂ ಮನೆ ಹಿಡಿಸಿತು. ಸ್ಕೂಟರ್ ಗುಂಡಿ ಸರ್ಕಲ್ ದಾಟುವಷ್ಟರಲ್ಲಿ ಮಾತಿಗೆ ಮಾತು ಬೆಳೆಯಿತು.

"72ಕ್ಕೆ ಕೇಳಿ ಮುಗಿಸಿಬಿಡೋಣ" ಅಂತ ಗಂಡ. "65ರ ಮೇಲೆ ಒಂದು ರೂಪಾಯಿ ಬೇಡ ರೀ" ಅಂತ ಹೆಂಡತಿ.

ಗಂಡನಿಗೆ ಮಂಡಿಪೇಟೆಯಲ್ಲಿ ಅಂಗಡಿ, ಆದ್ದರಿಂದ ಅವರನ್ನು ಯಜಮಾನರು ಅನ್ನೋಣ. ಹೆಂಡತಿ ಹೈಸ್ಕೂಲ್ ಟೀಚರ್, ಅವರು ನಮಗೆ ಮೇಡಂ. ಇವರಿಬ್ಬರೂ ನಾನು ಕಟ್ಟಿದ ಜೋಡಿ. ಮನೆಯ ಬೆಲೆಯೂ ಲೆಕ್ಕಕ್ಕೆ ಅಂತ ಹಾಕಿಕೊಂಡಿದ್ದು, ನಾಳೆ ಯಾರೂ ಇದನ್ನು ಮಾರ್ಕೆಟ್ ರೇಟು ಅಂತ ಬ್ರೋಕರ್ ಮುಂದೆ ಹಿಡಿಯಬೇಡಿ. ತೆರಿಗೆ, ಸಾಲ, ನೋಂದಣಿಯ ನಿಯಮಗಳು ಮಾತ್ರ ನಿಜವಾದವು.

ಒಂದು ತಮಾಷೆ ನೋಡಿ. ಅಂಗಡಿಯಲ್ಲಿ ಗಿರಾಕಿ ಹತ್ತು ರೂಪಾಯಿ ಬಿಡಿ ಅಂದರೆ ಯಜಮಾನರು ಅಲುಗಾಡುವವರಲ್ಲ. ಅದೇ ಮನುಷ್ಯ ಇಲ್ಲಿ ಏಳು ಲಕ್ಷವನ್ನು ಒಂದೇ ಉಸಿರಿಗೆ ಬಿಟ್ಟುಕೊಡುತ್ತಿದ್ದಾರೆ. ಯಾಕೆ? ಅವರ ಲೆಕ್ಕ ಇರುವುದು ಮಾರುವವರು ಹೇಳಿದ 78ರ ಮೇಲೆ. 78ರಿಂದ ಆರು ಲಕ್ಷ ಇಳಿಸಿದ್ದೇ ಅವರಿಗೆ ದೊಡ್ಡ ಗೆಲುವು.

[ಪರದೆ ಮೇಲೆ: 1987, ಟಕ್ಸನ್, ಅರಿಜೋನಾ]

ಇದಕ್ಕೆ ಹಳೆಯ ಒಂದು ಪ್ರಯೋಗ ಇದೆ. ಪ್ರಕಟವಾದದ್ದು 1987ರಲ್ಲಿ. ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಟಕ್ಸನ್ ಊರಿನಲ್ಲಿ ಒಂದು ಮನೆಯನ್ನು ವಿದ್ಯಾರ್ಥಿಗಳಿಗೂ ರಿಯಲ್ ಎಸ್ಟೇಟ್ ಏಜೆಂಟರಿಗೂ ತೋರಿಸಿದರು. ಮನೆ ಒಂದೇ, ಕೊಟ್ಟ ಮಾಹಿತಿಯೂ ಒಂದೇ. ಮಾರುವವರು ಹೇಳುತ್ತಿರುವ ಬೆಲೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಜಾಸ್ತಿ ಬೆಲೆ ಕೇಳಿದವರು ಮನೆಗೆ ಜಾಸ್ತಿ ಬೆಲೆ ಕಟ್ಟಿದರು, ಕಡಿಮೆ ಕೇಳಿದವರು ಕಡಿಮೆ ಕಟ್ಟಿದರು. ದಿನಾ ಮನೆ ಮಾರುವ ಏಜೆಂಟರೂ ಹೊರತಾಗಲಿಲ್ಲ. ಆದರೆ ಆ ಬೆಲೆ ನೋಡಿ ಲೆಕ್ಕ ಹಾಕಿದೆವು ಅಂತ ಅವರಲ್ಲಿ ಹೆಚ್ಚಿನವರು ಒಪ್ಪಲೇ ಇಲ್ಲ.

ನಮ್ಮ ಬ್ರೋಕರ್‌ಗಳಿಗೆ ಇದು ಯಾವ ಪ್ರಯೋಗವೂ ಇಲ್ಲದೆ ಗೊತ್ತು. ಅದಕ್ಕೇ ಫೋನಿನಲ್ಲಿ ಮೊದಲು ಬೆಲೆ ಹೇಳಿ, ಆಮೇಲೆ ವಿಳಾಸ ಹೇಳುತ್ತಾರೆ.

ಹಾಗಾದರೆ ಮೇಡಂ ಹೇಳುವ 65 ಸರಿಯಾ? ಅದೂ ಲೆಕ್ಕದಿಂದ ಬಂದ ಅಂಕಿ ಅಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಹೋದ ವರ್ಷ ಅದೇ ರಸ್ತೆಯಲ್ಲಿ 65ಕ್ಕೆ ತಗೊಂಡರಂತೆ. ಆ ಮನೆ ಯಾವ ದಿಕ್ಕು, ಎಷ್ಟು ಹಳೆಯದು, ಪತ್ರದಲ್ಲಿ ಎಷ್ಟು ತೋರಿಸಿದರು, ಕೈಯಲ್ಲಿ ಎಷ್ಟು ಕೊಟ್ಟರು, ಅದು ಯಾರಿಗೂ ಗೊತ್ತಿಲ್ಲ. ಇ.ಸಿ., ಅಂದರೆ ಆಸ್ತಿಯ ಹಿಂದಿನ ಮಾರಾಟ, ಸಾಲ ತೋರಿಸುವ ಋಣಭಾರ ಪತ್ರ ತೆಗೆಸಿದರೆ ಹಿಂದಿನ ಮಾರಾಟದ ಮೊತ್ತ ಕಾಣುತ್ತದೆ ನಿಜ. ಆದರೆ ಅಲ್ಲಿ ಬರೆದಿರುವುದೇ ಕೊಟ್ಟ ದುಡ್ಡು ಅಂತ ನಂಬಿಬಿಡಬೇಡಿ.

ಬ್ಯಾಂಕಿನ ವ್ಯಾಲ್ಯುಯರ್, ಅಂದರೆ ಬ್ಯಾಂಕಿನ ಪರವಾಗಿ ಮನೆಗೆ ಬೆಲೆ ಕಟ್ಟುವವರು, ಹೇಗೆ ನೋಡುತ್ತಾರೆ ಅಂತ ಹೇಳುತ್ತೇನೆ. ಅವರು ಮನೆಯನ್ನು ಎರಡು ತುಂಡು ಮಾಡುತ್ತಾರೆ, ನೆಲ ಬೇರೆ, ಕಟ್ಟಡ ಬೇರೆ.

[ಪರದೆ ಮೇಲೆ ಲೆಕ್ಕ ಒಂದೊಂದೇ ಸಾಲು ಬರಲಿ]

1,200 ಚದರ ಅಡಿ ಸೈಟು, ಅಡಿಗೆ 4,200 ಅಂತ ಹಿಡಿದರೆ 50 ಲಕ್ಷ 40 ಸಾವಿರ. ಕಟ್ಟಡ 1,000 ಚದರ ಅಡಿ. ಇವತ್ತು ಹೊಸದಾಗಿ ಕಟ್ಟಿದರೆ ಅಡಿಗೆ 2,000 ಅಂದುಕೊಳ್ಳಿ, 20 ಲಕ್ಷ. ಆದರೆ ಇದು ಹೊಸದಲ್ಲ. ಕಟ್ಟಡದ ಆಯಸ್ಸು 60 ವರ್ಷ ಅಂತ ಇಟ್ಟುಕೊಂಡರೆ 12 ವರ್ಷ ಕಳೆದುಹೋಗಿದೆ, ಅಂದರೆ ಐದನೇ ಒಂದು ಭಾಗ. ಉಳಿದದ್ದು 16 ಲಕ್ಷ. ಎರಡೂ ಸೇರಿ 66 ಲಕ್ಷ ಚಿಲ್ಲರೆ.

ಹಾಲ್‌ನಲ್ಲಿರುವ ಫಾಲ್ಸ್ ಸೀಲಿಂಗು, ತೇಗದ ಬಾಗಿಲು, ಮಾರುವವರು ಪ್ರೀತಿಯಿಂದ ಮಾಡಿಸಿದ ಪೂಜಾ ಮಂಟಪ, ಇವಕ್ಕೆ ವ್ಯಾಲ್ಯುಯರ್ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. 78ರೊಳಗೆ ಅದೆಲ್ಲ ಕೂತಿದೆ.

ಇಲ್ಲಿಂದ ಮುಂದೆ ಸ್ವಲ್ಪ ಗಮನ ಕೊಟ್ಟು ಕೇಳಿ. ಜಗಳದ ಬೇರು ಇರುವುದು ಇಲ್ಲೇ.

ಯಜಮಾನರ ವಾದ ಹೀಗಿದೆ: "ಏಳು ಲಕ್ಷ ಜಾಸ್ತಿ ಆದರೆ ಏನಾಯ್ತು, ತಿಂಗಳಿಗೆ ಆರು ಸಾವಿರ ಇಎಂಐ ಜಾಸ್ತಿ ಅಷ್ಟೇ ಅಲ್ವಾ?" ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ ಅಂತ ಹಿಡಿದರೆ ಒಂದು ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ. ಏಳು ಲಕ್ಷಕ್ಕೆ ಆರು ಸಾವಿರ. ಗುಣಾಕಾರ ಸರಿಯಾಗಿದೆ. ಆದರೆ ಆ ಏಳು ಲಕ್ಷದಲ್ಲಿ ಹೆಚ್ಚಿನದನ್ನು ಬ್ಯಾಂಕು ಕೊಡುವುದೇ ಇಲ್ಲ!

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30ರಿಂದ 75 ಲಕ್ಷದ ಗೃಹ ಸಾಲಕ್ಕೆ ಮನೆಯ ಮೌಲ್ಯದ 80 ಪರ್ಸೆಂಟ್ ಮಾತ್ರ ಸಿಗುತ್ತದೆ. ಕರಾರಿನ ಬೆಲೆ, ವ್ಯಾಲ್ಯುಯರ್ ಕಟ್ಟಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬ್ಯಾಂಕುಗಳು ಸಾಮಾನ್ಯವಾಗಿ ಹಿಡಿಯುವುದು. ವ್ಯಾಲ್ಯುಯರ್ 66 ಅಂದರೆ ಸಾಲ 52 ಲಕ್ಷ 80 ಸಾವಿರ. ನೀವು 72 ಕೊಡಿ, 78 ಕೊಡಿ, ಸಾಲ ಅಷ್ಟೇ. ಮೇಲಿನದೆಲ್ಲ ಕೈಯಿಂದ ಹೋಗಬೇಕು.

ಕೈಯಿಂದ ಹೋಗುವುದು ಅದೊಂದೇ ಅಲ್ಲ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ. ಒಟ್ಟು 7.6 ಪರ್ಸೆಂಟ್. ಇದನ್ನು ಮನೆಯ ಮೌಲ್ಯಕ್ಕೆ ಸೇರಿಸಿ ಸಾಲ ಕೇಳುವ ಹಾಗಿಲ್ಲ. ಬ್ರೋಕರ್ ಕಮಿಷನ್ ಒಂದು ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ.

[ಪರದೆ ಮೇಲೆ: 65ಕ್ಕೆ ಕೈಯಿಂದ 18.6 ಲಕ್ಷ. 72ಕ್ಕೆ ಕೈಯಿಂದ 25.4 ಲಕ್ಷ]

65ಕ್ಕೆ ಆದರೆ ಸಾಲ 52, ಕೈಯಿಂದ ಹೋಗುವುದು 18 ಲಕ್ಷ 60 ಸಾವಿರ. 72ಕ್ಕೆ ಆದರೆ 25 ಲಕ್ಷ 40 ಸಾವಿರ. ವ್ಯತ್ಯಾಸ 6 ಲಕ್ಷ 80 ಸಾವಿರ. ಏಳು ಲಕ್ಷದ ಜಗಳ ಹೆಚ್ಚುಕಡಿಮೆ ಪೂರ್ತಿ ಜೇಬಿನ ಜಗಳ. ಇಎಂಐಗೂ ಅದಕ್ಕೂ ಹೆಚ್ಚು ಸಂಬಂಧ ಇಲ್ಲ.

ಇವರ ಕೈಯಲ್ಲಿ ಎಫ್‌ಡಿ, ಚೀಟಿ ದುಡ್ಡು, ಊರಿನ ಹೊಲದ ಪಾಲು ಎಲ್ಲ ಸೇರಿ 24 ಲಕ್ಷ ಇದೆ ಅಂದುಕೊಳ್ಳಿ. 72ಕ್ಕೆ ಒಪ್ಪಿದರೆ ಒಡವೆ ಅಡ ಇಡಬೇಕು, ಇಲ್ಲ ಕೈಸಾಲ ಮಾಡಬೇಕು. ಮೇಡಂ ಹೆದರುತ್ತಿರುವುದು ಅದಕ್ಕೆ. ಇನ್ನೊಂದು ವಿಷಯ ಇದೆ, ಅದನ್ನು ಅವರು ಬಾಯಿಬಿಟ್ಟು ಹೇಳುತ್ತಿಲ್ಲ. ಅಂಗಡಿಯ ವ್ಯಾಪಾರ ಎಷ್ಟೇ ಇರಲಿ, ರಿಟರ್ನ್ಸ್‌ನಲ್ಲಿ ತೋರಿಸಿದ ಆದಾಯ ಕಡಿಮೆ. ಬ್ಯಾಂಕು ನಂಬುವುದು ಮೇಡಂ ಸಂಬಳದ ಸ್ಲಿಪ್ಪನ್ನು. ತಿಂಗಳಿಗೆ 45,800 ರೂಪಾಯಿ ಇಎಂಐ ಕಟ್ ಆಗುವುದು ಅವರ ಅಕೌಂಟಿನಿಂದ. 20 ವರ್ಷ ಅಂದರೆ ಅವರ ನಿವೃತ್ತಿಯ ಹತ್ತಿರ ಹತ್ತಿರ.

ಯಜಮಾನರದ್ದೂ ಸುಮ್ನೆ ಹಟ ಅಲ್ಲ. ಈ ಮನೆಯಿಂದ ಅಂಗಡಿ ಹತ್ತಿರ, ಅಪ್ಪ ಅಮ್ಮನ ಮನೆ ಹತ್ತಿರ. ಇದು ತಪ್ಪಿದರೆ ಮತ್ತೆ ಬಾಡಿಗೆ ಮನೆ ಓನರ್ ಹತ್ತಿರ ನೀರಿಗೆ ಮಾತು ಕೇಳಬೇಕು. ಮನೆ ಕೈತಪ್ಪೀತು ಅನ್ನುವುದು ಒಬ್ಬರ ಭಯ. ಕೈ ಖಾಲಿ ಆದೀತು ಅನ್ನುವುದು ಇನ್ನೊಬ್ಬರ ಭಯ. ಆ ಮನೆಯ ಬೆಲೆ ಎಷ್ಟು ಅಂತ ಇಬ್ಬರೂ ಮಾತಾಡುತ್ತಲೇ ಇಲ್ಲ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದರೆ ಹೇಳುವುದು ಒಂದೇ: "ಹೋಗ್ಲಿ ಬಿಡ್ರಪ್ಪ, ಇಬ್ಬರದೂ ಬೇಡ, 68ವರೆ ಮಾಡ್ಕೊಳ್ಳಿ." ನನಗೆ ಈ ಪಂಚಾಯ್ತಿ ಒಪ್ಪಿಗೆಯಿಲ್ಲ. 68ವರೆ ಅನ್ನುವ ಅಂಕಿಗೆ ಬ್ಯಾಂಕಿನ ಲೆಕ್ಕವೂ ಗೊತ್ತಿಲ್ಲ, ತಾರಸಿ ಸೋರುವುದೂ ಗೊತ್ತಿಲ್ಲ. ನಾಳೆ ಮಾರುವವರು "ಇನ್ನೊಂದು ಲಕ್ಷ ಸೇರಿಸಿ" ಅಂದ ಕೂಡಲೇ ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬೆಲೆ ಎಷ್ಟು ಅನ್ನುವುದನ್ನು ಒಂದು ಸಂಜೆ ಬದಿಗಿಡಿ. ಬೇರೆ ಪ್ರಶ್ನೆ ಕೇಳಿಕೊಳ್ಳಿ. ನೋಂದಣಿ ಮುಗಿಸಿ, ಕೀಲಿ ತಗೊಂಡು ಬಂದ ದಿನ ನಮ್ಮ ಕೈಯಲ್ಲಿ ಎಷ್ಟು ದುಡ್ಡು ಉಳಿದಿರಬೇಕು? ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಇಬ್ಬರೂ ಬರೆದ ಮೇಲೆ ತೆರೆಯಿರಿ.

[ಪರದೆ ಮೇಲೆ: 5 ಲಕ್ಷ ಉಳಿದರೆ 66. 3 ಲಕ್ಷ ಉಳಿದರೆ 68. 1 ಲಕ್ಷ ಉಳಿದರೆ ಸುಮಾರು 70]

ಮೇಡಂ ಐದು ಲಕ್ಷ ಅಂತ ಬರೆದರೆ, ಅದೇ 24 ಲಕ್ಷದ ಲೆಕ್ಕದಲ್ಲಿ ಮನೆಗೆ ಕೊಡಬಹುದಾದ್ದು 66. ಯಜಮಾನರು ಒಂದು ಲಕ್ಷ ಸಾಕು ಅಂದರೆ 70ರ ಹತ್ತಿರ. ಮೂರು ಲಕ್ಷ ಅಂದರೆ 68. ನೋಡಿ, 65-72 ಇದ್ದದ್ದು 66-70ಕ್ಕೆ ಬಂತು. ಈಗ ಮಾತಾಡಲು ವಿಷಯ ಇದೆ. ಬಣ್ಣಕ್ಕೆ ಎಷ್ಟು, ಸಂಪು ಚಿಕ್ಕದಿದ್ದರೆ ದೊಡ್ಡದು ಮಾಡಲು ಎಷ್ಟು, ಮಗಳ ಪಿಯುಸಿ ಫೀಸು ಯಾವ ತಿಂಗಳು, ಅಂಗಡಿಗೆ ದೀಪಾವಳಿ ಸ್ಟಾಕು ಹಾಕಲು ದುಡ್ಡು ಎಲ್ಲಿಂದ. ಇವಕ್ಕೆಲ್ಲ ಉತ್ತರ ಸಿಗುತ್ತದೆ. ಇಬ್ಬರೂ ಒಪ್ಪಿದ ಅಂಕಿ ನಿಮ್ಮ ಗೆರೆ. ಅದನ್ನು ದಾಟಬೇಕು ಅನ್ನುವವರು ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ತೋರಿಸಬೇಕು. ಈ ಮನೆ ಬೇಡ ಅನ್ನುವವರು ಮುಂದಿನ ಮನೆ ಯಾವುದು ಅಂತ ತೋರಿಸಬೇಕು. ಎರಡೂ ಕಡೆ ಕೆಲಸ ಇರಲಿ.

ಗೆರೆ ಬೇರೆ, ಮೊದಲು ಕೇಳುವ ಬೆಲೆ ಬೇರೆ. 68 ಗೆರೆ ಅಂತಾದರೆ 68ಕ್ಕೇ ಕೇಳಬಾರದು, ಅದು ಎಲ್ಲರಿಗೂ ಗೊತ್ತು. ಹಾಗಂತ 50ಕ್ಕೆ ಕೇಳುವುದೂ ನಮ್ಮ ಊರಿನಲ್ಲಿ ನಡೆಯುವುದಿಲ್ಲ. ದಾವಣಗೆರೆ ಎಷ್ಟೇ ಬೆಳೆದರೂ ಮಾರುವವರು ನಿಮ್ಮ ಬೀಗರ ಬೀಗರು ಆಗಿರುತ್ತಾರೆ. "50ಕ್ಕೆ ಕೇಳಿದ್ರಂತೆ" ಅನ್ನುವ ಮಾತು ನೀವು ಮನೆ ಮುಟ್ಟುವ ಮೊದಲೇ ನಿಮ್ಮ ಅತ್ತೆಯ ಕಿವಿ ಮುಟ್ಟಿರುತ್ತದೆ. ಕಾರಣ ಕೊಟ್ಟು ಕಡಿಮೆ ಕೇಳಿ. ನಾನಾದರೆ 62-63ರಿಂದ ಶುರು ಮಾಡುತ್ತೇನೆ.

ಕಾರಣ ಎಲ್ಲಿ ಸಿಗುತ್ತದೆ? ಗೋಡೆಯಲ್ಲಿ.

[ಕಿಟಕಿಯ ಮೂಲೆ ಹತ್ತಿರದಿಂದ ತೋರಿಸಿ]

ದಾವಣಗೆರೆ ಸುತ್ತ ಎಷ್ಟೋ ಬಡಾವಣೆಗಳ ಕೆಳಗೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಸರಿ ಇಲ್ಲದಿದ್ದರೆ ಗೋಡೆ ಅದರ ಜೊತೆ ಆಡುತ್ತದೆ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಹುಡುಕಿ. ಕೂದಲೆಳೆಯಷ್ಟಿದ್ದರೆ ಗಾರೆಯ ಬಿರುಕು ಇರಬಹುದು. ನಾಣ್ಯದ ಅಂಚು ಒಳಗೆ ಹೋಗುವಷ್ಟಿದ್ದರೆ ಎಂಜಿನಿಯರನ್ನು ಕರೆಸಿ. ಹೊಸ ಬಣ್ಣ ಒಂದೇ ಗೋಡೆಗೆ ಬಳಿದಿದ್ದರೆ ಅಲ್ಲೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಪಕ್ಕದ ಮನೆಯವರನ್ನು ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್ ಬೇಸಿಗೆಯಲ್ಲಿ ನಿಲ್ಲುತ್ತದಾ ಅಂತ ಕೇಳಿ. ಎಂಜಿನಿಯರ್ ಬರೆದುಕೊಟ್ಟ ಒಂದು ಹಾಳೆ ಹಿಡಿದು ಮೂರು ಲಕ್ಷ ಕಡಿಮೆ ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ.

ಮನೆ ನೋಡುವಾಗ ಇನ್ನೊಂದು ಮಾತು. ಅಡುಗೆ ಮನೆಯಲ್ಲಿ ನಿಂತು "ಇಲ್ಲೇ ನೋಡ್ರೀ ಗ್ರೈಂಡರ್ ಇಡಬಹುದು" ಅಂದಿರೋ, ಬ್ರೋಕರ್ ಆ ಮಾತಿಗೆ ಎರಡು ಲಕ್ಷ ಬೆಲೆ ಕಟ್ಟಿಬಿಡುತ್ತಾನೆ. ಗಂಡ ಹೆಂಡತಿ ಅವನ ಮುಂದೆ ಬೇರೆ ಬೇರೆ ಅಂಕಿ ಹೇಳುವುದಂತೂ ಇನ್ನೂ ಕೆಟ್ಟದ್ದು. ಜಾಸ್ತಿ ಹೇಳಿದವರಿಗೆ ಮಾತ್ರ ಆಮೇಲೆ ಫೋನ್ ಬರುತ್ತದೆ. ಯಾರು ಮಾತಾಡಬೇಕು ಅಂತ ಮೊದಲೇ ಒಬ್ಬರನ್ನು ಮಾಡಿಕೊಳ್ಳಿ. ನನ್ನ ವೋಟು ಗೆರೆಯ ಪರವಾಗಿ ನಿಂತವರಿಗೆ, ಅಂದರೆ ಈ ಮನೆಯಲ್ಲಿ ಮೇಡಂಗೆ. "ಮನೆಯಲ್ಲಿ ಕೇಳಿ ಹೇಳ್ತೀನಿ" ಅನ್ನುವ ಮಾತನ್ನು ಯಜಮಾನರು ಅಂಗಡಿಯಲ್ಲಿ ಗಿರಾಕಿಗಳಿಂದ ದಿನಾ ಕೇಳುತ್ತಾರೆ. ಈಗ ಅವರೂ ಅದನ್ನೇ ಬ್ರೋಕರ್‌ಗೆ ಹೇಳಲಿ.

ಆಷಾಢದಲ್ಲಿ ನಮ್ಮ ಕಡೆ ಬಹಳ ಜನ ಮನೆ ಮಾತು ಎತ್ತುವುದಿಲ್ಲ. ಕೊಳ್ಳುವವರು ಕಡಿಮೆ ಇರುವ ಕಾಲ. ಮಾತುಕತೆ ಆಗ ಮಾಡಿ, ಅಡ್ವಾನ್ಸು ಶ್ರಾವಣದಲ್ಲಿ ಕೊಡಿ. ಶಾಸ್ತ್ರಕ್ಕೂ ಅಡ್ಡಿಯಿಲ್ಲ, ಜೇಬಿಗೂ ಒಳ್ಳೆಯದು.

ಬೆಲೆ ಕುದುರಿತು ಅಂದ ಮೇಲೂ ಗಂಡ ಹೆಂಡತಿ ಮತ್ತೆ ಕಿತ್ತಾಡುವುದು ನಗದಿನ ವಿಷಯಕ್ಕೆ. "ಪತ್ರದಲ್ಲಿ 50 ತೋರಿಸೋಣ, ಉಳಿದದ್ದು ಕ್ಯಾಶ್ ಕೊಡಿ, ಎರಡು ಲಕ್ಷ ಬಿಡ್ತೀನಿ" ಅನ್ನುತ್ತಾರೆ ಮಾರುವವರು. ಕೇಳಲು ಚೆನ್ನಾಗಿದೆ. ಆದರೆ ಪತ್ರದಲ್ಲಿ 50 ಇದ್ದರೆ ಸಾಲ 40 ಲಕ್ಷಕ್ಕೆ ಇಳಿಯುತ್ತದೆ. ಬಿಟ್ಟ ಎರಡು ಲಕ್ಷಕ್ಕಾಗಿ ಹನ್ನೆರಡೂ ಮುಕ್ಕಾಲು ಲಕ್ಷದ ಸಾಲ ಕೈಬಿಟ್ಟಂತೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ನಗದಾಗಿ ತಗೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಒಂದು ಪರ್ಸೆಂಟ್ ಟಿಡಿಎಸ್, ಅಂದರೆ ಮೂಲದಲ್ಲೇ ಮುರಿಯುವ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಜವಾಬ್ದಾರಿ. 68 ಲಕ್ಷಕ್ಕೆ 68,000. ಇದನ್ನು ಮಾತುಕತೆಯ ದಿನವೇ ಹೇಳಿಬಿಡಿ. ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಹೇಳಿದರೆ ಮಾರುವವರು "ನೀವು ಬೆಲೆ ಇಳಿಸಿದ್ರಿ" ಅಂತ ಕೂಗಾಡುತ್ತಾರೆ.

ಅಡ್ವಾನ್ಸು ಕೊಡುವಾಗ ಕರಾರು ಪತ್ರದಲ್ಲಿ ಒಂದು ಸಾಲು ಬರೆಸಿ: ಬ್ಯಾಂಕು ದಾಖಲೆ ಸರಿ ಇಲ್ಲ ಅಂತ ಸಾಲ ನಿರಾಕರಿಸಿದರೆ ಅಡ್ವಾನ್ಸು ಪೂರ್ತಿ ವಾಪಸ್, ಇಂತಿಷ್ಟು ದಿನದೊಳಗೆ. ಇ-ಖಾತಾ, ಅಂದರೆ ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ, ಇಲ್ಲದೆ ಈಗ ನೋಂದಣಿ ಆಗುವುದಿಲ್ಲ, ಅದನ್ನು ಮಾಡಿಸುವುದು ಯಾರ ಕೆಲಸ ಅನ್ನುವುದೂ ಅದೇ ಪತ್ರದಲ್ಲಿರಲಿ. ಈ ಎರಡು ಸಾಲಿಗೆ ಮಾರುವವರು ಒಪ್ಪದಿದ್ದರೆ 65ಕ್ಕೂ ಆ ಮನೆ ಬೇಡ. ಇದರಲ್ಲಿ ಮಾತ್ರ ಯಜಮಾನರೂ ಮೇಡಂ ಕಡೆಗೇ ಇರಲಿ.

ಇ.ಸಿ. ತೆಗೆಸುವುದು ಹೇಗೆ, ಅದರಲ್ಲಿ ಏನೇನು ನೋಡಬೇಕು ಅನ್ನುವುದು ಮುಂದಿನ ವಿಡಿಯೋದಲ್ಲಿ. ಈ ಲೆಕ್ಕದ ಹಾಳೆ ಕೆಳಗೆ ಹಾಕಿದ್ದೇನೆ, ನಿಮ್ಮ ಅಂಕಿ ತುಂಬಿಕೊಳ್ಳಿ.