ಫೋನು ಗಟ್ಟಿಯಾಗಿದೆ, ಅಪ್‌ಡೇಟ್ ನಿಂತಿದೆ: ಸ್ಟಾಕ್ ಆಂಡ್ರಾಯ್ಡ್ ಹಾಕಿಕೊಳ್ಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಕಂಪನಿ ಕೊಟ್ಟ ಇಂಟರ್‌ಫೇಸ್ ತೆಗೆದುಹಾಕಿ, ಆ ಜಾಗಕ್ಕೆ ಸ್ಟಾಕ್ ಆಂಡ್ರಾಯ್ಡ್, ಅಂದರೆ ಕಂಪನಿಯ ಬದಲಾವಣೆ ಇಲ್ಲದ ಮೂಲ ಆಂಡ್ರಾಯ್ಡ್, ಹಾಕಿಕೊಳ್ಳುವುದರ ಬಗ್ಗೆ ಮಾತಾಡಲು ಕರೆದಿದ್ದೀರಿ. ಬರೀ ಮಾತಿನಲ್ಲಿ ಹೇಳಿದರೆ ಗಾಳಿಯಲ್ಲಿ ಗೆರೆ ಎಳೆದ ಹಾಗಾಗುತ್ತದೆ. ಅದಕ್ಕೆ ಒಂದು ಫೋನನ್ನೇ ಎದುರಿಗೆ ಇಟ್ಟುಕೊಳ್ಳೋಣ. ರೆಡ್‌ಮಿ ನೋಟ್ 4. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಒಂದು ಕಾಲಕ್ಕೆ ಇದು ಇದ್ದಿರಬಹುದು, ಅಲ್ವಾ?

ಈ ಫೋನು ಭಾರತಕ್ಕೆ ಬಂದದ್ದು 2017ರ ಜನವರಿಯಲ್ಲಿ. ಶುರುವಿನ ಬೆಲೆ 9,999 ರೂಪಾಯಿ. ಸ್ನ್ಯಾಪ್‌ಡ್ರಾಗನ್ 625 ಚಿಪ್, 4,100 ಎಂಎಎಚ್ ಬ್ಯಾಟರಿ, ಲೋಹದ ಮೈ. ಅಂಗಡಿಯಿಂದ ತಂದಾಗ ಒಳಗೆ ಆಂಡ್ರಾಯ್ಡ್ 6 ಇತ್ತು, ಅದರ ಮೇಲೆ ಶಿಯೋಮಿ ಕಂಪನಿಯ ಇಂಟರ್‌ಫೇಸ್ ಎಂಐಯುಐ 8. ಆಮೇಲೆ ಎಂಐಯುಐ 9 ಬಂತು, 10 ಬಂತು, 11 ಕೂಡ ಬಂತು. ಒಳಗಿನ ಆಂಡ್ರಾಯ್ಡ್ ಮಾತ್ರ 7ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಐಕಾನ್ ಬದಲಾಯಿತು, ಬಣ್ಣ ಬದಲಾಯಿತು, ಹೊಸ ಫೋನಿನ ಹಾಗೆ ಕಾಣಿಸಿತು. ಅಡಿಪಾಯ ಹಳೆಯದೇ. ಅದೇ ಹೊತ್ತಿಗೆ ಹವ್ಯಾಸಕ್ಕೆ ಕೆಲಸ ಮಾಡುವ ಡೆವಲಪರ್‌ಗಳು ಇದೇ ಫೋನಿಗೆ ಆಂಡ್ರಾಯ್ಡ್ 10, ಆಂಡ್ರಾಯ್ಡ್ 11 ಹೊಂದಿಸಿ ಕೊಟ್ಟರು. ಚಿಪ್ ಅದೇ, ಮೆಮೊರಿ ಅದೇ. ಅಂದಮೇಲೆ ಹಾರ್ಡ್‌ವೇರ್‌ಗೆ ಆ ಶಕ್ತಿ ಇತ್ತು. ನಿಲ್ಲಿಸಿದ್ದು ಒಂದು ವ್ಯಾಪಾರದ ತೀರ್ಮಾನ.

ನಾನು ಇವತ್ತು ಹೇಳಬೇಕಾದ್ದೆಲ್ಲ ಈ ವ್ಯತ್ಯಾಸದ ಒಳಗೇ ಇದೆ.

ಆಂಡ್ರಾಯ್ಡ್‌ನ ಮೂಲ ಕೋಡ್ ಮುಕ್ತವಾಗಿದೆ. ಎಒಎಸ್‌ಪಿ ಎನ್ನುವುದು ಅದರ ಹೆಸರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಬದಲಾಯಿಸಬಹುದು. ಮೊದಲ ಆಂಡ್ರಾಯ್ಡ್ ಫೋನು, ಎಚ್‌ಟಿಸಿ ಮಾಡಿದ ಜಿ1, ಬಂದದ್ದು 2008ರಲ್ಲಿ. ಆಗ ಆಂಡ್ರಾಯ್ಡ್ ಇನ್ನೂ ಹಸಿ ಹಸಿಯಾಗಿತ್ತು. ಮರುವರ್ಷವೇ ಎಚ್‌ಟಿಸಿ ಸೆನ್ಸ್ ಎಂಬ ತನ್ನದೇ ಇಂಟರ್‌ಫೇಸ್ ತಂದಿತು, ಮೊಟೊರೊಲಾ ಮೊಟೊಬ್ಲರ್ ತಂದಿತು. ಆಮೇಲೆ ಸ್ಯಾಮ್‌ಸಂಗ್‌ನ ಟಚ್‌ವಿಜ್. ಇದನ್ನೆಲ್ಲ ಸುಮ್ನೆ ಬೈಯುವುದು ನ್ಯಾಯವಲ್ಲ. ಒಂದೇ ಪರದೆಯಲ್ಲಿ ಎರಡು ಆ್ಯಪ್ ನೋಡುವ ಸೌಲಭ್ಯವನ್ನು ಸ್ಯಾಮ್‌ಸಂಗ್ 2012ರ ಗ್ಯಾಲಕ್ಸಿ ನೋಟ್ 2ರಲ್ಲೇ ಕೊಟ್ಟಿತ್ತು. ಮೂಲ ಆಂಡ್ರಾಯ್ಡ್‌ಗೆ ಅದು ಬಂದದ್ದು 2016ರಲ್ಲಿ. ಇವತ್ತಿಗೂ ಕೆಲವರಿಗೆ ಕಂಪನಿಯ ಇಂಟರ್‌ಫೇಸೇ ಇಷ್ಟ. ಅವರು ಅದನ್ನೇ ಬಳಸಲಿ.

ತಕರಾರು ಇರುವುದು ಬೇರೆ ಕಡೆ. ಶಿಯೋಮಿ 2018ರಲ್ಲಿ ತಾನೇ ಘೋಷಿಸಿತು: ಹಾರ್ಡ್‌ವೇರ್‌ನಿಂದ ಬರುವ ನಿವ್ವಳ ಲಾಭವನ್ನು ಶೇ 5ಕ್ಕಿಂತ ಹೆಚ್ಚಾಗಲು ಬಿಡುವುದಿಲ್ಲ ಎಂದು. ಕೊಳ್ಳುವವರಿಗೆ ಒಳ್ಳೆಯದೇ. ಆದರೆ ಕಂಪನಿ ನಡೆಯಬೇಕಲ್ಲ, ಉಳಿದ ಹಣ ಜಾಹೀರಾತು ಮತ್ತು ಇಂಟರ್‌ನೆಟ್ ಸೇವೆಗಳಿಂದ ಬರಬೇಕು. ಹಾಗಾಗಿ ಫೈಲ್ ಮ್ಯಾನೇಜರ್ ತೆರೆದರೂ ಜಾಹೀರಾತು, ಆ್ಯಪ್ ಇನ್‌ಸ್ಟಾಲ್ ಮಾಡಿದರೂ ಜಾಹೀರಾತು. ಬೇರೆ ಅನೇಕ ಕಂಪನಿಗಳ ಫೋನಿನ ಲಾಕ್ ಸ್ಕ್ರೀನ್ ಮೇಲೆ ಕಾಣುವ ಗ್ಲಾನ್ಸ್ ನಮ್ಮ ಬೆಂಗಳೂರಿನ ಇನ್‌ಮೊಬಿ ಸಮೂಹದ್ದು. ಕಡಿಮೆ ಬೆಲೆಯ ಫೋನು ಕೊಂಡವರು ಉಳಿದ ಬಾಕಿಯನ್ನು ದಿನಾ ತಮ್ಮ ಗಮನದಲ್ಲಿ ತೀರಿಸುತ್ತಿದ್ದಾರೆ. ಅದರ ಜೊತೆಗೆ ಸೆಕ್ಯುರಿಟಿ ಅಪ್‌ಡೇಟ್ ಕೂಡ ಎರಡು ಮೂರು ವರ್ಷಕ್ಕೆ ನಿಂತರೆ, ಅದು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನೊಂದು ವಿಷಯ ನೆನಪಿಡಿ. ಎಂಐಯುಐ ಹುಟ್ಟಿದ್ದೇ ಕಸ್ಟಮ್ ರೋಮ್ ಆಗಿ, ಅಂದರೆ ಕಂಪನಿಯ ಸಾಫ್ಟ್‌ವೇರ್ ತೆಗೆದು ನಾವೇ ಹಾಕಿಕೊಳ್ಳುವ ಬದಲಿ ಸಿಸ್ಟಂ ಆಗಿ. 2010ರ ಆಗಸ್ಟ್‌ನಲ್ಲಿ ಅದು ಹೊರಬಂದಾಗ ಶಿಯೋಮಿಯ ಸ್ವಂತ ಫೋನು ಒಂದೂ ಇರಲಿಲ್ಲ. ಜನ ಅದನ್ನು ಬೇರೆ ಕಂಪನಿಗಳ ಫೋನಿಗೆ ಹಾಕಿಕೊಳ್ಳುತ್ತಿದ್ದರು. ಮೊದಲ ಫೋನು ಬಂದದ್ದು ಮರುವರ್ಷ. ಬೇರೆಯವರ ಫೋನಿನ ಬಾಗಿಲು ತೆರೆದಿದ್ದರಿಂದಲೇ ಅವರು ಬೆಳೆದರು.

ಸ್ಟಾಕ್ ಆಂಡ್ರಾಯ್ಡ್ ಅನ್ನು ಕಂಪನಿಗಳಿಂದಲೇ ಕೊಡಿಸುವ ಪ್ರಯತ್ನವೂ ಆಗಿತ್ತು. ಗೂಗಲ್‌ನ ಆಂಡ್ರಾಯ್ಡ್ ಒನ್ ಯೋಜನೆ ಶುರುವಾದದ್ದು ನಮ್ಮ ದೇಶದಲ್ಲೇ, 2014ರ ಸೆಪ್ಟೆಂಬರ್‌ನಲ್ಲಿ. ಮೈಕ್ರೊಮ್ಯಾಕ್ಸ್, ಕಾರ್ಬನ್, ಸ್ಪೈಸ್ ಫೋನುಗಳು, 6,399 ರೂಪಾಯಿಯಿಂದ. 2017ರಲ್ಲಿ ಶಿಯೋಮಿಯೇ ಅದರಡಿ ಎಂಐ ಎ1 ಫೋನು ತಂದಿತು. ಆಮೇಲೆ ಆ ಯೋಜನೆ ಮಂಕಾಯಿತು.

ಜನರ ಕೈಯಿಂದ ನಡೆದ ಕೆಲಸದ್ದು ಬೇರೆಯೇ ಕಥೆ. 2009ರಲ್ಲಿ ಸ್ಟೀವ್ ಕಾಂಡಿಕ್ ಜಿ1 ಫೋನಿಗೆಂದು ಸಯನೊಜೆನ್‌ಮಾಡ್ ಎಂಬ ಕಸ್ಟಮ್ ರೋಮ್ ಶುರು ಮಾಡಿದರು. ಅದರಲ್ಲಿ ಗೂಗಲ್‌ನ ಆ್ಯಪ್‌ಗಳೂ ಸೇರಿದ್ದವು. ಆಂಡ್ರಾಯ್ಡ್ ಮುಕ್ತ, ಆದರೆ ಜಿಮೇಲ್, ಮ್ಯಾಪ್ಸ್, ಪ್ಲೇ ಸ್ಟೋರ್ ಮುಕ್ತವಲ್ಲ. ಅದೇ ವರ್ಷ ಗೂಗಲ್ ಕಾನೂನು ನೋಟಿಸ್ ಕಳಿಸಿತು. ಇವತ್ತಿಗೂ ಕಸ್ಟಮ್ ರೋಮ್ ಒಂದು ಫೈಲ್, ಜಿಆ್ಯಪ್ಸ್ ಎಂಬ ಗೂಗಲ್ ಆ್ಯಪ್‌ಗಳ ಕಟ್ಟು ಇನ್ನೊಂದು ಫೈಲ್ ಆಗಿ ಬರುವುದಕ್ಕೆ ಕಾರಣ ಇದು. ಮುಂದೆ ಸಯನೊಜೆನ್ ಕಂಪನಿಯಾಯಿತು. ಒನ್‌ಪ್ಲಸ್‌ನ ಮೊದಲ ಫೋನು ಅದರ ಸಾಫ್ಟ್‌ವೇರ್ ಜೊತೆಗೇ ಬಂತು. ಆದರೆ ಆ ಸಾಫ್ಟ್‌ವೇರ್‌ನ ಭಾರತದ ಹಕ್ಕನ್ನು ಮೈಕ್ರೊಮ್ಯಾಕ್ಸ್ ಪಡೆದಿತ್ತು. 2014ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಜಗಳ ನಡೆದು, ಒನ್‌ಪ್ಲಸ್ ಮಾರಾಟಕ್ಕೆ ಸ್ವಲ್ಪ ಕಾಲ ತಡೆ ಬಿತ್ತು. ಒನ್‌ಪ್ಲಸ್ ತನ್ನದೇ ಆಕ್ಸಿಜನ್ ಓಎಸ್ ಮಾಡಿಕೊಂಡಿತು. 2016ರ ಕೊನೆಗೆ ಸಯನೊಜೆನ್ ಕೆಲಸ ನಿಲ್ಲಿಸಿತು. ಕೋಡ್ ಮುಕ್ತವಾಗಿದ್ದರಿಂದ ಕೆಲಸ ಸಾಯಲಿಲ್ಲ. ಅದೇ ಜನ ಅದನ್ನೇ ಲೀನಿಯೇಜ್ ಓಎಸ್ ಹೆಸರಿನಲ್ಲಿ ಮುಂದುವರಿಸಿದರು.

ಈಗ ಕೈಕೆಲಸಕ್ಕೆ ಬರೋಣ.

ಫೋನ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್ ಬೂಟ್‌ಲೋಡರ್. ಮುಂದೆ ಲೋಡ್ ಆಗುವ ಸಾಫ್ಟ್‌ವೇರ್‌ಗೆ ಕಂಪನಿಯ ಸಹಿ ಇದೆಯೇ ಎಂದು ಅದು ನೋಡುತ್ತದೆ. ಲಾಕ್ ಆಗಿರುವಾಗ ಸಹಿ ಇಲ್ಲದ್ದನ್ನು ಒಳಗೆ ಬಿಡುವುದಿಲ್ಲ. ಮೊದಲು ಅದನ್ನು ಅನ್‌ಲಾಕ್ ಮಾಡಬೇಕು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಎಂಐಯುಐನಲ್ಲಾದರೆ ಎಂಐಯುಐ ವರ್ಷನ್ ಎಂಬ ಸಾಲನ್ನು ಒತ್ತಬೇಕು. ಅಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ. ಎಂಐಯುಐ ಇರುವ ಶಿಯೋಮಿ ಫೋನಾದರೆ ಎಂಐ ಖಾತೆಯನ್ನು ಫೋನಿಗೆ ಜೋಡಿಸಿ ಕಾಯಬೇಕು, ಸಾಮಾನ್ಯವಾಗಿ 168 ಗಂಟೆ, ಅಂದರೆ ಒಂದು ವಾರ. ಆಮೇಲೆ ಫೋನ್ ಆಫ್ ಮಾಡಿ, ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ನೋಟ್ 4ರಲ್ಲಿ ಆಗ ಕಿವಿ ಮುಚ್ಚುವ ಟೋಪಿ ಹಾಕಿಕೊಂಡ ಮೊಲವೊಂದು ಹಸಿರು ಆಂಡ್ರಾಯ್ಡ್ ಬೊಂಬೆಯನ್ನು ರಿಪೇರಿ ಮಾಡುತ್ತಿರುವ ಚಿತ್ರ ಬರುತ್ತದೆ. ಕೆಳಗೆ ಫಾಸ್ಟ್‌ಬೂಟ್ ಎಂದಿರುತ್ತದೆ, ಫೋನು ಕಂಪ್ಯೂಟರ್‌ನ ಆಜ್ಞೆ ಕೇಳುವ ಸ್ಥಿತಿ ಅದು. ಕಂಪ್ಯೂಟರ್‌ಗೆ ಕೇಬಲ್ ಹಾಕಿ, ಅದರಲ್ಲಿ ಶಿಯೋಮಿಯ ಅನ್‌ಲಾಕ್ ಟೂಲ್ ಓಡಿಸಬೇಕು.

ಅನ್‌ಲಾಕ್ ಆದ ಕೂಡಲೇ ಫೋನಿನಲ್ಲಿದ್ದ ಎಲ್ಲವೂ ಅಳಿಸಿಹೋಗುತ್ತದೆ. ಫೋಟೊ, ಮೆಸೇಜ್, ಎಲ್ಲ. ಹಾಗೆ ಇಟ್ಟಿರುವುದು ಸರಿಯಾಗಿಯೇ ಇದೆ. ಇಲ್ಲದಿದ್ದರೆ ಫೋನ್ ಕದ್ದವನು ಬೂಟ್‌ಲೋಡರ್ ತೆರೆದು ನಿಮ್ಮ ಮಾಹಿತಿಗೆ ಕೈ ಹಾಕುತ್ತಿದ್ದ. ಹಾಗಾಗಿ ಮೊದಲು ಬ್ಯಾಕಪ್. ವಾಟ್ಸ್‌ಆ್ಯಪ್ ಚಾಟ್, ಕಾಂಟ್ಯಾಕ್ಟ್, ಎರಡು ಹಂತದ ಲಾಗಿನ್ ಕೋಡ್ ಕೊಡುವ ಆ್ಯಪ್, ಇವನ್ನು ಮರೆಯಬೇಡಿ.

ನಂತರ ರಿಕವರಿ, ಅಂದರೆ ಹೊಸ ಸಿಸ್ಟಂ ಹಾಕಲು ಬೇಕಾದ ಚಿಕ್ಕ ಸಾಫ್ಟ್‌ವೇರ್, ಹಾಕಬೇಕು, ಟಿಡಬ್ಲ್ಯುಆರ್‌ಪಿ ಅಥವಾ ಆ ರೋಮ್‌ನವರೇ ಕೊಡುವ ರಿಕವರಿ. ಅದರಿಂದ ಹಳೆಯ ಸಿಸ್ಟಂ ಫಾರ್ಮ್ಯಾಟ್ ಮಾಡಿ ರೋಮ್ ಫ್ಲ್ಯಾಶ್ ಮಾಡಬೇಕು, ಅಂದರೆ ಫೋನಿಗೆ ಬರೆಯಬೇಕು. ಜಿಆ್ಯಪ್ಸ್ ಬೇಕಿದ್ದರೆ ಫೋನು ಮೊದಲ ಸಲ ಆನ್ ಆಗುವ ಮುಂಚೆಯೇ ಹಾಕಬೇಕು. ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಮಾಹಿತಿ ಇರುವ ಇಎಫ್‌ಎಸ್ ಭಾಗದ ಬ್ಯಾಕಪ್ ಮೊದಲೇ ತೆಗೆದು ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಅದು ಕೆಟ್ಟರೆ ಫೋನಿಗೆ ನೆಟ್‌ವರ್ಕೇ ಸಿಗುವುದಿಲ್ಲ. ಫೋನಿನ ಕೋಡ್‌ನೇಮ್, ಅಂದರೆ ಒಳಹೆಸರು, ನೋಡಿಕೊಂಡೇ ಫೈಲ್ ಇಳಿಸಿ. ನೋಟ್ 4ರದು ಮಿಡೊ. ಅಂಗಡಿಯ ಹೆಸರು ನಂಬಿದರೆ ಮೋಸಹೋಗುತ್ತೀರಿ. ಅದೇ ಹೆಸರಿನಲ್ಲಿ ಬೇರೆ ಚಿಪ್‌ನ ಫೋನೂ ಮಾರಾಟವಾಗಿದೆ.

ಈ ಫೋನಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಆಂಡ್ರಾಯ್ಡ್ 8ರ ಜೊತೆ ಗೂಗಲ್ ಪ್ರಾಜೆಕ್ಟ್ ಟ್ರೆಬಲ್ ತಂದಿತು. ಚಿಪ್‌ಗೆ ಸಂಬಂಧಿಸಿದ ಸಾಫ್ಟ್‌ವೇರ್ ವೆಂಡರ್ ಎಂಬ ಬೇರೆ ಪಾರ್ಟಿಷನ್‌ನಲ್ಲಿ (ಮೆಮೊರಿಯ ಬೇರೆ ಭಾಗದಲ್ಲಿ), ಆಂಡ್ರಾಯ್ಡ್ ಬೇರೆ ಪಾರ್ಟಿಷನ್‌ನಲ್ಲಿ. ಹಾಗೆ ಬಿಡಿಸಿಟ್ಟರೆ ಒಂದೇ ಸಿಸ್ಟಂ ಇಮೇಜ್ ಹಲವು ಫೋನುಗಳಲ್ಲಿ ಓಡುತ್ತದೆ. ಜಿಎಸ್‌ಐ ಎನ್ನುವುದು ಇದನ್ನೇ. ನೋಟ್ 4 ಅದಕ್ಕಿಂತ ಹಳೆಯದು, ಅದರಲ್ಲಿ ವೆಂಡರ್ ಪಾರ್ಟಿಷನ್ನೇ ಇಲ್ಲ. ಆದರೆ ಕಸ್ಟ್ ಎಂಬ ಒಂದು ಪಾರ್ಟಿಷನ್ ಇತ್ತು. ಕಂಪನಿ ತಾನು ಮೊದಲೇ ತುಂಬಿ ಕಳಿಸುವ ಆ್ಯಪ್‌ಗಳಿಗೆಂದು ಎತ್ತಿಟ್ಟ ಜಾಗ ಅದು. ಡೆವಲಪರ್‌ಗಳು ಅದನ್ನೇ ಖಾಲಿ ಮಾಡಿ ವೆಂಡರ್ ಮಾಡಿಬಿಟ್ಟರು. ಕಂಪನಿ ಕೊಡದೇ ಇದ್ದ ಟ್ರೆಬಲ್ ಆ ಫೋನಿಗೆ ಹೀಗೆ ಬಂತು. ಸಂಬಳವಿಲ್ಲದೆ, ರಾತ್ರಿ ಕೂತು ಮಾಡಿದ ಕೆಲಸ ಅದು. ನನಗೆ ಅವರ ಮೇಲೆ ಅಪಾರ ಗೌರವ.

ಇನ್ನು ಕಳೆದುಕೊಳ್ಳುವುದರ ಲೆಕ್ಕ. ಇದನ್ನು ಮುಚ್ಚಿಟ್ಟು ಉತ್ಸಾಹ ತುಂಬುವುದು ತಪ್ಪು.

ನಮ್ಮ ದೇಶದಲ್ಲಿ ಮೊದಲು ನೋಡಬೇಕಾದ್ದು ಕರೆ. ಜಿಯೊ 2016ರ ಸೆಪ್ಟೆಂಬರ್ 5ರಂದು ಶುರುವಾದದ್ದೇ 4ಜಿ ಮೇಲೆ, ಅದಕ್ಕೆ 2ಜಿ, 3ಜಿ ಇಲ್ಲ. ಕರೆ ಕೂಡ ಡೇಟಾ ಆಗಿಯೇ ಹೋಗುತ್ತದೆ, ಅದೇ ವೋಲ್ಟಿ. ಅದನ್ನು ನಡೆಸುವ ಐಎಂಎಸ್ ಸಾಫ್ಟ್‌ವೇರ್ ಮುಕ್ತವಲ್ಲ. ಕ್ವಾಲ್ಕಾಮ್ ಚಿಪ್‌ನ ಫೋನುಗಳಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ಸ್ಯಾಮ್‌ಸಂಗ್ ಅದನ್ನು ತನ್ನದೇ ರೀತಿಯಲ್ಲಿ ಬರೆದಿರುವುದರಿಂದ, ಅದರ ಫೋನುಗಳಿಗೆ ಎಒಎಸ್‌ಪಿ ಹಾಕಿದರೆ ಬಹುತೇಕ ವೋಲ್ಟಿ ಹೋಗುತ್ತದೆ. ಜಿಯೊ ಸಿಮ್ ಇದ್ದರೆ ಕರೆಯೇ ಹೋಯಿತು ಎಂದರ್ಥ. ಸ್ಯಾಮ್‌ಸಂಗ್‌ನಲ್ಲಿ ಇನ್ನೊಂದು: ಕಸ್ಟಮ್ ಸಾಫ್ಟ್‌ವೇರ್ ಹಾಕಿದ ತಕ್ಷಣ ಸಾಫ್ಟ್‌ವೇರ್ ಬದಲಾದದ್ದನ್ನು ಗುರುತಿಡುವ ಒಳಗಿನ ನಾಕ್ಸ್ ಫ್ಯೂಸ್ ಸುಟ್ಟುಹೋಗುತ್ತದೆ. ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಅದು ಸರಿಹೋಗುವುದಿಲ್ಲ.

ಎರಡನೆಯದು ಯುಪಿಐ ಮತ್ತು ಬ್ಯಾಂಕ್ ಆ್ಯಪ್. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ತಪಾಸಣೆಯಲ್ಲಿ ಅನ್‌ಲಾಕ್ ಆದ ಫೋನು ಫೇಲ್ ಆಗುತ್ತದೆ. ಕೆಲವು ಆ್ಯಪ್ ಸುಮ್ಮನಿರುತ್ತವೆ, ಕೆಲವು ತೆರೆಯುವುದೇ ಇಲ್ಲ. ರೂಟ್ ಮಾಡಿ (ಸಿಸ್ಟಂನ ಪೂರ್ತಿ ಹಿಡಿತ ಪಡೆದು), ಮಾಡ್ಯೂಲ್ ಹಾಕಿ ತಪ್ಪಿಸಿಕೊಳ್ಳುವ ದಾರಿಗಳು ಇವೆ. ಇವತ್ತು ನಡೆಯುತ್ತವೆ, ನಾಳೆ ನಿಲ್ಲುತ್ತವೆ. ದಿನಾ ಹಾಲು ತರಕಾರಿಗೆ ದುಡ್ಡು ಕೊಡುವ ಫೋನಿನಲ್ಲಿ ಈ ಆಟ ಬೇಡ. ಎರಡನೇ ಫೋನಿನಲ್ಲಿ ಮಾಡಿ.

ಕ್ಯಾಮೆರಾ ಸಪ್ಪೆಯಾಗಬಹುದು, ಗೂಗಲ್‌ನ ಕ್ಯಾಮೆರಾ ಆ್ಯಪ್ ಜಿಕ್ಯಾಮ್ ಹಾಕಿದರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ. ವಿಡಿಯೊ ನಕಲು ತಡೆಯುವ ವೈಡ್‌ವೈನ್‌ನ ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿದರೆ ನೆಟ್‌ಫ್ಲಿಕ್ಸ್ ಎಚ್‌ಡಿ ಸಿಗುವುದಿಲ್ಲ.

ಹಿಂದಕ್ಕೆ ಹೋಗುವಾಗ ಇನ್ನೂ ಜಾಸ್ತಿ ಜಾಗ್ರತೆ ಬೇಕು. 2018ರಲ್ಲಿ ರೆಡ್‌ಮಿ ನೋಟ್ 5 ಪ್ರೊಗೆ ಆ್ಯಂಟಿ ರೋಲ್‌ಬ್ಯಾಕ್, ಅಂದರೆ ಹಳೆಯ ಸಾಫ್ಟ್‌ವೇರ್‌ಗೆ ಮರಳದಂತೆ ತಡೆಯುವ ವ್ಯವಸ್ಥೆ, ಬಂತು. ಗೊತ್ತಿಲ್ಲದೆ ಹಳೆಯ ಎಂಐಯುಐ ಫ್ಲ್ಯಾಶ್ ಮಾಡಿದವರ ಫೋನುಗಳು ಬ್ರಿಕ್ ಆದವು, ಅಂದರೆ ಇಟ್ಟಿಗೆಯ ಹಾಗೆ ಬಿದ್ದುಕೊಂಡವು. ಅವನ್ನು ಎಬ್ಬಿಸಲು ಕಂಪನಿ ಅನುಮತಿ ಇರುವ ಖಾತೆಯೇ ಬೇಕಾಯಿತು.

ಸುರಕ್ಷತೆಯ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಹೊಸ ರೋಮ್ ಹಾಕಿದಾಗ ಸೆಟ್ಟಿಂಗ್ಸ್‌ನಲ್ಲಿ ಹೊಸ ಪ್ಯಾಚ್ ದಿನಾಂಕ ಕಾಣುತ್ತದೆ. ಅದು ಆಂಡ್ರಾಯ್ಡ್ ಭಾಗದ ದಿನಾಂಕ. ಮೋಡೆಮ್ ಮುಂತಾದವುಗಳ ಫರ್ಮ್‌ವೇರ್ ಕಂಪನಿ ಕೊಟ್ಟು ಬಿಟ್ಟ ದಿನದ್ದೇ. ಬೂಟ್‌ಲೋಡರ್ ತೆರೆದೇ ಇರುತ್ತದೆ, ಫೋನು ಬೇರೆಯವರ ಕೈಗೆ ಸಿಕ್ಕರೆ ಅಪಾಯ. ಹಾಗಿದ್ದರೂ ವರ್ಷಗಟ್ಟಲೆ ಪ್ಯಾಚ್ ಕಾಣದ ಸಿಸ್ಟಂಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ. ಬೇರೆ ಸಾಫ್ಟ್‌ವೇರ್ ಹಾಕಿ ಮತ್ತೆ ಲಾಕ್ ಮಾಡುವ ಅನುಕೂಲ ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿದೆ. ಸುರಕ್ಷತೆಗೆ ಒತ್ತು ಕೊಡುವ ಗ್ರಾಫೀನ್ ಓಎಸ್ ಎಂಬ ರೋಮ್ ಪಿಕ್ಸೆಲ್ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಕನ್ನಡ ಏನಾಗುತ್ತದೆ ಎಂಬ ಚಿಂತೆ ಬೇಡ. 2014ರ ಆಂಡ್ರಾಯ್ಡ್ 5ರಿಂದಲೇ ಮೂಲ ಕೋಡ್‌ನಲ್ಲಿ ಕನ್ನಡ ಮೆನು ಇದೆ.

ಇಷ್ಟೆಲ್ಲ ಬೇಡ, ಜಾಹೀರಾತು ಹೋದರೆ ಸಾಕು ಎನ್ನುವವರಿಗೆ ಅನ್‌ಲಾಕ್ ಅಗತ್ಯವೇ ಇಲ್ಲ. ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ, ಕಂಪ್ಯೂಟರ್‌ನಿಂದ ಎಡಿಬಿ ಎಂಬ ಟೂಲ್ ಬಳಸಿ ಬೇಡದ ಆ್ಯಪ್‌ಗಳನ್ನು ನಿಮ್ಮ ಖಾತೆಯ ಮಟ್ಟಿಗೆ ತೆಗೆದುಹಾಕಬಹುದು. ಬೇರೆ ಲಾಂಚರ್ (ಹೋಮ್ ಸ್ಕ್ರೀನ್ ಆ್ಯಪ್) ಹಾಕಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಡಿಬಗಿಂಗ್ ಆಫ್ ಮಾಡಿದರೆ ಬ್ಯಾಂಕ್ ಆ್ಯಪ್ ಸಾಮಾನ್ಯವಾಗಿ ಮುನಿಸಿಕೊಳ್ಳುವುದಿಲ್ಲ, ವೋಲ್ಟಿ ಹೋಗುವುದಿಲ್ಲ. ಏನನ್ನು ತೆಗೆಯುತ್ತಿದ್ದೀರಿ ಎಂದು ಗೊತ್ತಿಲ್ಲದಿದ್ದರೆ ಮಾತ್ರ ಮುಟ್ಟಬೇಡಿ.

ಕೊನೆಗೆ, ನನಗೆ ನಿಜವಾಗಿ ಚಿಂತೆ ಹತ್ತಿರುವ ವಿಷಯ. ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಹುವಾವೇ 2018ರಲ್ಲೇ ಅನ್‌ಲಾಕ್ ಕೋಡ್ ಕೊಡುವುದನ್ನು ನಿಲ್ಲಿಸಿತು. ಎಂಐಯುಐ ಜಾಗಕ್ಕೆ ಹೈಪರ್ ಓಎಸ್ ಬಂದಮೇಲೆ ಶಿಯೋಮಿಯ ನಿಯಮ ಬಿಗಿಯಾಯಿತು. ಗೂಗಲ್ 2025ರಲ್ಲಿ ಎಒಎಸ್‌ಪಿ ಅಭಿವೃದ್ಧಿಯನ್ನು ಪೂರ್ತಿ ಒಳಗೇ ನಡೆಸಲು ನಿರ್ಧರಿಸಿತು. ಕೋಡ್ ಸಿಗುತ್ತದೆ, ಆದರೆ ಕೆಲಸ ಮುಗಿದ ಮೇಲೆ. ಮೊದಲೇ ತುಂಬಿಸಿದ ಗೂಗಲ್ ಆ್ಯಪ್‌ಗಳನ್ನು ಬಳಕೆದಾರರು ತೆಗೆಯುವಂತಿರಬೇಕು ಎಂದು ನಮ್ಮ ಸ್ಪರ್ಧಾ ಆಯೋಗ 2022ರಲ್ಲಿ ಹೇಳಿತ್ತು. 1,337.76 ಕೋಟಿ ರೂಪಾಯಿ ದಂಡವನ್ನೂ ಹಾಕಿತ್ತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡ ಎತ್ತಿಹಿಡಿದು, ಆ್ಯಪ್ ತೆಗೆಯುವ ಆ ಸೂಚನೆಯೂ ಸೇರಿ ನಾಲ್ಕು ಸೂಚನೆಗಳನ್ನು ರದ್ದು ಮಾಡಿತು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿದಾಗ ಮೊಬೈಲ್ ಫೋನನ್ನೂ ಸೇರಿಸಿತು. ಅಲ್ಲಿ ಬಿಡಿಭಾಗದ ಮಾತು, ಕೈಪಿಡಿಯ ಮಾತು ಮುಂದಿದೆ. ಬೂಟ್‌ಲೋಡರ್ ಮಾತೂ ಅಷ್ಟೇ ಗಟ್ಟಿಯಾಗಿ ಬರಬೇಕು. ಅಪ್‌ಡೇಟ್ ನಿಲ್ಲಿಸಿದ ದಿನವೇ ಆ ಫೋನಿನ ಅನ್‌ಲಾಕ್ ಅನ್ನು ಕಂಪನಿ ಕಾಯಿಸದೆ, ಖಾತೆ ಕೇಳದೆ ಕೊಡಬೇಕು. ನನ್ನ ಬೇಡಿಕೆ ಇಷ್ಟೇ. ನೀವು ಮುಂದಿನ ಫೋನ್ ಕೊಳ್ಳುವ ಮುಂಚೆ ಆ ಮಾಡೆಲ್‌ನ ಬೂಟ್‌ಲೋಡರ್ ತೆರೆಯುತ್ತದೆಯೇ ಎಂದು ನೋಡಿ. ಲೀನಿಯೇಜ್ ಪಟ್ಟಿಯಲ್ಲಿ ಅದರ ಕೋಡ್‌ನೇಮ್ ಇದೆಯೇ ಎಂದೂ ಹುಡುಕಿ. ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಆದರೂ ಕೇಳಿ. ಕಂಪನಿಯ ಗ್ರಾಹಕ ಸೇವೆಗೂ ಬರೆದು ಕೇಳಿ.

ಈಗ ನಿಮ್ಮ ಪ್ರಶ್ನೆಗಳು. ಫೋನ್ ಜೊತೆಗೆ ತಂದಿದ್ದರೆ ಮಾಡೆಲ್ ನಂಬರ್ ನೋಡಿಕೊಂಡು ಕೇಳಿ.