ಕಂಚಿಯಲ್ಲಿ ಎಲ್ಲಿ ಕೂತಿದ್ರಿ?

ಎಲ್ಲರಿಗೂ ನಮಸ್ಕಾರ. ಶನಿವಾರ ಬೆಳಗಿನ ಜಾವ ನಮ್ಮ ಬಡಾವಣೆಯಿಂದ ಕಂಚಿಗೆ ಬಸ್ ಹೊರಡುತ್ತೆ. ಹೋಗುವ ಮುಂಚೆ ಆ ಊರಿನ ಬಗ್ಗೆ ನಾಲ್ಕು ಮಾತಾಡಿ ಅಂದರು. ನಾಲ್ಕು ದೇವಸ್ಥಾನದ ಬಗ್ಗೆ ಹೇಳೋಣ ಅಂತ ಬರೆದುಕೊಂಡು ಬಂದಿದ್ದೇನೆ. ಆದರೆ ಅದಕ್ಕೂ ಮುಂಚೆ ಒಂದು ಮಾತು ಹೇಳಲೇಬೇಕು.

ಕಂಚಿಗೆ ಹೋಗಿ ಬಂದವರನ್ನು ಎಲ್ಲರೂ ಕೇಳೋದು ಒಂದೇ, ‘ಎಷ್ಟು ದೇವಸ್ಥಾನ ಆಯ್ತು?’ ಈ ‘ಆಯ್ತು’ ಅನ್ನೋ ಮಾತು ನನಗೆ ಸೇರುವುದಿಲ್ಲ. ಎಲ್ಲಿ ಕೂತಿದ್ರಿ ಅಂತ ಯಾರೂ ಕೇಳಲ್ಲ.

ನಮ್ಮಮ್ಮನನ್ನು ಮೊದಲ ಸಲ ಕಂಚಿಗೆ ಕರೆದುಕೊಂಡು ಹೋಗಿದ್ದು ಒಂದು ಟೂರ್ ವ್ಯಾನಿನಲ್ಲಿ. ಬೆಳಗ್ಗೆ ಆರರಿಂದ ಹನ್ನೆರಡರ ಒಳಗೆ ಐದು ದೇವಸ್ಥಾನ. ಮಧ್ಯಾಹ್ನ ಬಾಗಿಲು ಹಾಕುತ್ತಾರಲ್ವಾ, ಅಷ್ಟರಲ್ಲಿ ಮುಗಿಸಬೇಕು. ಒಂದೊಂದಕ್ಕೂ ಅರ್ಧ ಗಂಟೆ. ಆಮೇಲೆ ಹಾರ್ನ್. ಅಮ್ಮ ಪ್ರದಕ್ಷಿಣೆ ಅರ್ಧಕ್ಕೇ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದರು. ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚುತ್ತಾ ಹೇಳಿದರು, ‘ಯಾವ ಗುಡಿಯಲ್ಲಿ ಯಾವ ದೇವರನ್ನ ನೋಡಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೋ.’ ಆ ಮಾತು ನನ್ನನ್ನು ಬಹಳ ದಿನ ಕೊರೆಯಿತು.

ಮರುವರ್ಷ ನಾವಿಬ್ಬರೇ ಹೋದೆವು. ಎರಡು ದಿನ, ಎರಡೇ ದೇವಸ್ಥಾನ. ಮೊದಲ ದಿನ ಕೈಲಾಸನಾಥ. ಸುಮಾರು 1300 ವರ್ಷದ ಗುಡಿ, ಪಲ್ಲವರ ರಾಜಸಿಂಹ ಕಟ್ಟಿಸಿದ್ದು. ಊರಿನ ಪಶ್ಚಿಮದ ಅಂಚಿನಲ್ಲಿದೆ, ಗಲಾಟೆ ಇಲ್ಲ. ಒಳಗೆ ಹದಿನಾರು ಮುಖದ ದೊಡ್ಡ ಲಿಂಗ. ಅಂಗಳದ ಸುತ್ತ 58 ಪುಟ್ಟ ಗುಡಿಗಳು. ಒಂದೊಂದೂ ಒಬ್ಬರು ಕಾಲು ಮಡಚಿ ಕೂರುವಷ್ಟೇ ಜಾಗ.

ಗರ್ಭಗುಡಿಯ ಸುತ್ತ ಪ್ರದಕ್ಷಿಣೆ ಮಾಡಬೇಕು ಅಂದರೆ ಅಲ್ಲಿ ನಡೆದು ಹೋಗುವ ಹಾಗಿಲ್ಲ. ಪಕ್ಕದಲ್ಲಿ ಒಂದು ಕಿಂಡಿ ಇದೆ. ಅದರೊಳಗೆ ತೆವಳಿಕೊಂಡು ಹೋಗಬೇಕು, ಒಳಗೆ ಎದ್ದು ಸುತ್ತು ಬರಬೇಕು, ಮತ್ತೆ ಇನ್ನೊಂದು ಇಕ್ಕಟ್ಟಿನ ಕಿಂಡಿಯಿಂದ ಹೊರಗೆ ಬರಬೇಕು. ಹಾಗೆ ಬಂದವರಿಗೆ ಪುನರ್ಜನ್ಮ ಇಲ್ಲ ಅಂತ ನಂಬಿಕೆ. ಅಮ್ಮನಿಗೆ ಆಗ 68 ವರ್ಷ. ಬೇಡ ಅಂದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಮಂಡಿ ಊರಿ ಒಳಗೆ ಹೋಗೇಬಿಟ್ಟರು. ಕಲ್ಲಿಗೆ ಬಳೆ ತಾಗುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ‘ಅಮ್ಮಾ’ ಅಂದೆ. ಉತ್ತರ ಇಲ್ಲ. ಅರ್ಚಕರು ಮಾತ್ರ ನಿಧಾನವಾಗಿ ದೀಪದ ಬತ್ತಿ ಸರಿಮಾಡುತ್ತಾ, ‘ವರುವಾಂಗೊ’ ಅಂದರು, ಬರ್ತಾರೆ ಅಂತ. ಆ ಕಡೆ ಕಿಂಡಿಯಲ್ಲಿ ಮೊದಲು ಎರಡು ಕೈ ಕಾಣಿಸಿತು. ಅಂಗೈ ತುಂಬಾ ಕಲ್ಲಿನ ಪುಡಿ. ಆಮೇಲೆ ಮುಖ. ನಗುತ್ತಿದ್ದರು. ‘ಒಳಗೆ ಸುಮ್ನೆ ನಿಂತಿದ್ದೆ ಕಣೋ, ಯಾರೂ ಹಾರ್ನ್ ಹೊಡೆಯಲಿಲ್ಲವಲ್ಲ’ ಅಂದರು. ಆಮೇಲೆ ಅಂಗಳದ ಗುಡಿಯೊಂದರ ಮುಂದೆ ಒಂದು ಗಂಟೆ ಕೂತೆವು. ಅಮ್ಮ ಶಿವಾಷ್ಟೋತ್ತರ ಹೇಳಿಕೊಂಡರು. ನಾನು ಏನೂ ಮಾಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ದರ್ಶನ ಇನ್ನೊಂದು ಆಗಿಲ್ಲ.

ಇದೇ ಗುಡಿಯಲ್ಲಿ ಕನ್ನಡದ ಶಾಸನ ಇದೆ, ಗೊತ್ತಲ್ವಾ? 642ರಲ್ಲಿ ಪಲ್ಲವರು ನಮ್ಮ ಚಾಲುಕ್ಯರ ರಾಜಧಾನಿ ಬಾದಾಮಿಯನ್ನು ಗೆದ್ದು ಹಾಳುಮಾಡಿದರು, ರಾಜ ಇಮ್ಮಡಿ ಪುಲಕೇಶಿ ಆ ಯುದ್ಧದಲ್ಲೇ ಸತ್ತ ಅಂತಾರೆ. ಸುಮಾರು ನೂರು ವರ್ಷ ಆದಮೇಲೆ ಅದೇ ಚಾಲುಕ್ಯರ ರಾಜ ಎರಡನೇ ವಿಕ್ರಮಾದಿತ್ಯ ಸೈನ್ಯ ಸಮೇತ ಕಂಚಿಗೆ ಬಂದ. ಊರು ಕೈಗೆ ಸಿಕ್ಕಿತ್ತು. ದೋಚಬಹುದಿತ್ತು, ಕೇಳುವವರು ಯಾರು? ಅವನು ಈ ಗುಡಿಗೆ ಬಂದ, ದೇವರ ಸಂಪತ್ತನ್ನು ನೋಡಿದ, ಅದನ್ನೆಲ್ಲ ದೇವರಿಗೇ ಬಿಟ್ಟುಕೊಟ್ಟ. ಹಾಗಂತ ಮಂಟಪದ ಕಂಬದ ಹಿಂಬದಿಯಲ್ಲಿ ಕನ್ನಡದಲ್ಲೇ ಕೆತ್ತಿಸಿದ್ದಾನೆ. ಅವನ ರಾಣಿ ಲೋಕಮಹಾದೇವಿ ಆಮೇಲೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ ನೋಡಿದರೆ ಕಂಚಿಯ ಕೈಲಾಸನಾಥ ಕಣ್ಣಿಗೆ ಬರುತ್ತೆ. ನೂರು ವರ್ಷದ ಸಿಟ್ಟು ಇಟ್ಟುಕೊಂಡು ಬಂದ ರಾಜನಿಗೇ ಇಲ್ಲಿ ನಿಲ್ಲೋಕೆ ಪುರುಸೊತ್ತು ಸಿಕ್ಕಿತು. ನಮಗೆ ಅರ್ಧ ಗಂಟೆ ಸಾಕಾ?

ಎರಡನೇ ದಿನ ವಿಷ್ಣುವಿನ ಗುಡಿ, ವರದರಾಜ. 2019ರಲ್ಲಿ ಅತ್ತಿ ವರದರು, ಅಂದರೆ ಗುಡಿಯ ಕೊಳದೊಳಗೆ ಇಟ್ಟಿರುವ ಅತ್ತಿ ಮರದ ವರದರಾಜನ ಮೂರ್ತಿ, ಕೊಳದಿಂದ ಮೇಲೆ ಬಂದು 48 ದಿನ ದರ್ಶನ ಕೊಟ್ಟಾಗ ನಿಮ್ಮಲ್ಲಿ ಎಷ್ಟೋ ಜನ ಹೋಗಿದ್ರಿ. ನಲವತ್ತು ವರ್ಷಕ್ಕೊಮ್ಮೆ ಅಂದರೆ ಇನ್ನು 2059ಕ್ಕೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ಇಪ್ಪತ್ನಾಲ್ಕು ಮೆಟ್ಟಿಲು ಹತ್ತಿದರೆ ವರದರಾಜ ದಿನಾ ಸಿಗುತ್ತಾನೆ! ನಮ್ಮ ಮೇಲುಕೋಟೆಗೆ ಬಂದ ರಾಮಾನುಜರು ಮೊದಲು ಈ ಸ್ವಾಮಿಗೆ ದಿನಾ ಬಾವಿಯಿಂದ ನೀರು ಹೊತ್ತು ತರುತ್ತಿದ್ದರು ಅಂತ ಪರಂಪರೆ ಹೇಳುತ್ತೆ. ಅಷ್ಟು ದೊಡ್ಡ ವಿದ್ವಾಂಸರು, ಅವರ ಸೇವೆ ಒಂದು ಕೊಡ ನೀರು. ಗುಡಿಯ ಛಾವಣಿಯಲ್ಲಿರುವ ಚಿನ್ನದ ಹಲ್ಲಿ ಮುಟ್ಟೋಕೆ ಕ್ಯೂ ಜಾಸ್ತಿ ಇರುತ್ತೆ, ನಿಲ್ಲಿ. ಕೋಯಿಲ್ ಇಡ್ಲಿ, ಅಂದರೆ ಗುಡಿಯ ಪ್ರಸಾದದ ಇಡ್ಲಿ, ಸಿಕ್ಕರೆ ಬಿಡಬೇಡಿ. ಬಿದಿರಿನ ಬುಟ್ಟಿಯಲ್ಲಿ ಬೇಯಿಸುತ್ತಾರೆ. ಒಣಶುಂಠಿ, ಮೆಣಸು, ಜೀರಿಗೆ ಘಮ ಅಂತಿರುತ್ತೆ. ಕೊಳದ ಮೆಟ್ಟಿಲ ಮೇಲೆ ಕೂತು ತಿನ್ನಿ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಏಕಾಂಬರೇಶ್ವರದ ಬಗ್ಗೆ ಇಷ್ಟೇ: ಅದು ಮಣ್ಣಿನ ಲಿಂಗ, ನೀರಿನ ಅಭಿಷೇಕ ಇಲ್ಲ. ಹೊಳೆ ಉಕ್ಕಿ ಬಂದಾಗ ಪಾರ್ವತಿ ಆ ಲಿಂಗವನ್ನು ತಬ್ಬಿಕೊಂಡಳು ಅನ್ನೋ ಕಥೆಯನ್ನು ಅಲ್ಲೇ ಮಾವಿನ ಮರದ ಹತ್ತಿರ ಕೂತು ಮಕ್ಕಳಿಗೆ ಹೇಳಿ. ದೊಡ್ಡ ಗೋಪುರ ನಮ್ಮ ಕೃಷ್ಣದೇವರಾಯ 1509ರಲ್ಲಿ ಕಟ್ಟಿಸಿದ್ದು. ಕಾಮಾಕ್ಷಿಯ ಬಗ್ಗೆ ಎರಡು ಪುಟ ಬರೆದಿದ್ದೆ, ಅದನ್ನು ಬಸ್ಸಿನಲ್ಲಿ ಹೇಳುತ್ತೇನೆ.

ನಮ್ಮ ಡ್ರೈವರ್ ಅಣ್ಣನಿಗೆ ಹೇಳಿದ್ದೇನೆ, ಹಾರ್ನ್ ಹೊಡೆಯಲ್ಲ ಅಂತ ಒಪ್ಪಿದ್ದಾರೆ. ಎಲ್ಲರೂ ಒಂದು ಟಾರ್ಚ್ ತನ್ನಿ, ಆ ಕಂಬದ ಹಿಂಬದಿಗೆ ಬೇಕಾಗುತ್ತೆ. ಅಮ್ಮ ಈ ಸಲ ಬರುತ್ತಿಲ್ಲ, ಮಂಡಿ ಕೇಳುವುದಿಲ್ಲ. ನಿಮ್ಮಲ್ಲಿ ಯಾರಿಗೆ ಸಾಧ್ಯವೋ ಅವರು ಕೈಲಾಸನಾಥನ ಕಿಂಡಿಯಲ್ಲಿ ಅವರ ಹೆಸರಿನಲ್ಲಿ ಒಂದು ಸುತ್ತು ಜಾಸ್ತಿ ಹಾಕಬೇಕಂತೆ, ಕೇಳಿ ಕಳಿಸಿದ್ದಾರೆ.